ಎಕ್ಸ್‌ಆರ್2206 ಸಿಗ್ನಲ್ ಜನರೇಟರ್ ಕಿಟ್: ವರ್ಷಗಟ್ಟಲೆ ಬಳಸಿದ ಮೇಲೆ

ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಐರನ್ ಇದೆ, ಮುಂದೆ ಏನು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಸಿಗ್ನಲ್ ಜನರೇಟರ್, ಅಂದರೆ ನಮಗೆ ಬೇಕಾದ ವಿದ್ಯುತ್ ಅಲೆ ಹುಟ್ಟಿಸಿ ಕೊಡುವ ಉಪಕರಣ. ಒಂದು ಸರ್ಕ್ಯೂಟ್ ಸರಿಯಾಗಿದೆಯಾ ಅಂತ ತಿಳಿಯಬೇಕಾದರೆ ಅದರೊಳಗೆ ಏನು ಹೋಗುತ್ತಿದೆ ಎಂಬುದು ಮೊದಲು ಗೊತ್ತಿರಬೇಕಲ್ವಾ? ಹಾಡು ಹಾಕಿ ಆಂಪ್ಲಿಫೈಯರ್ ಪರೀಕ್ಷೆ ಮಾಡಿದರೆ ಎಲ್ಲವೂ ಒಟ್ಟಿಗೆ ಕೇಳಿಸುತ್ತದೆ, ತಪ್ಪು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಒಂದೇ ಒಂದು ಸೈನ್ ಅಲೆ ಕೊಟ್ಟು ನೋಡಿದರೆ ಗೊತ್ತಾಗುತ್ತದೆ.

ನಾನು ಬಳಸುತ್ತಿರುವುದು ಎಲ್ಲ ಕಡೆ ಸಿಗುವ, ಎಕ್ಸ್‌ಆರ್2206 ಎಂಬ ಚಿಪ್ ಇರುವ ಕಿಟ್. ಸೈನ್ (ನಯವಾಗಿ ಬಾಗುವ), ಟ್ರಯಾಂಗಲ್ (ತ್ರಿಕೋನ), ಸ್ಕ್ವೇರ್ (ಚೌಕ) ಮೂರೂ ಅಲೆ ಕೊಡುತ್ತದೆ. ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲೂ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರೋಡ್ ಅಂಗಡಿಗಳಲ್ಲೂ ವಿಚಾರಿಸಬಹುದು. ಬೋರ್ಡು, ಬಿಡಿಭಾಗ, ಆಕ್ರಿಲಿಕ್ ಡಬ್ಬಿ ಎಲ್ಲ ಬಿಡಿಬಿಡಿಯಾಗಿ ಬರುತ್ತದೆ. ಸೋಲ್ಡರಿಂಗ್ ಒಂದು ಸಂಜೆಯ ಕೆಲಸ. ಮೂರು ನಾಬ್: ಒಂದು ಅಲೆಯ ಎತ್ತರಕ್ಕೆ, ಇನ್ನೆರಡು ಫ್ರೀಕ್ವೆನ್ಸಿಗೆ (ಸೆಕೆಂಡಿಗೆ ಎಷ್ಟು ಅಲೆ ಎಂಬುದಕ್ಕೆ), ಒರಟಾಗಿ ಮತ್ತು ನಯವಾಗಿ. 1 ಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್ ತನಕ ಐದು ರೇಂಜ್, ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ) ಬದಲಿಸಿ ಆರಿಸಬೇಕು. ಆ ಪುಟ್ಟ ಜಂಪರ್ ಕೈತಪ್ಪಿ ಬಿದ್ದರೆ ಹುಡುಕುವುದೇ ಕಷ್ಟ. ಅದರ ಜಾಗಕ್ಕೆ ರೋಟರಿ ಸ್ವಿಚ್ ಹಾಕಿಕೊಂಡೆ, ಈಗ ಆರಾಮ.

ಮೊದಲು ಪವರ್ ಬಗ್ಗೆ. ಕಿಟ್ ಮಾರುವವರು 9ರಿಂದ 12 ವೋಲ್ಟ್ ಎನ್ನುತ್ತಾರೆ. ಆದರೆ ಚಿಪ್ ತಯಾರಿಸುತ್ತಿದ್ದ ಎಕ್ಸಾರ್ ಕಂಪನಿಯ ಡೇಟಾಶೀಟ್ (ಚಿಪ್‌ನ ವಿವರಪತ್ರ) ಹೇಳುವುದು 10ರಿಂದ 26 ವೋಲ್ಟ್. 9 ವೋಲ್ಟಿನಲ್ಲೂ ಅಲೆ ಬರುತ್ತದೆ, ಆದರೆ 12 ಕೊಟ್ಟರೆ ಸೈನ್ ಹೆಚ್ಚು ಸ್ವಚ್ಛ. 12ರ ಮೇಲೆ ಹೋಗಬೇಡಿ, ಕಿಟ್‌ನಲ್ಲಿ ಬರುವ ಕೆಪ್ಯಾಸಿಟರ್‌ಗಳನ್ನು ನಂಬಿ ಅಷ್ಟು ಧೈರ್ಯ ಮಾಡಲಾಗದು. ಅಗ್ಗದ ಎಸ್‌ಎಂಪಿಎಸ್ (ಮೊಬೈಲ್ ಚಾರ್ಜರ್ ತರಹದ ಸ್ವಿಚಿಂಗ್) ಅಡಾಪ್ಟರ್ ಹಾಕಿದರೆ ಅದರ ಗದ್ದಲವೆಲ್ಲ ಅಲೆಯ ಮೇಲೆ ಕುಳಿತುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಮತ್ತು 7812 ರೆಗ್ಯುಲೇಟರ್ (12 ವೋಲ್ಟನ್ನು ಸ್ಥಿರವಾಗಿಡುವ ಚಿಪ್) ಇರುವ ಹಳೇ ಶೈಲಿಯ ಸಪ್ಲೈ ಸಾಕು, ಅದೇ ಚೆನ್ನ.

ಫ್ರೀಕ್ವೆನ್ಸಿ ನಾಬ್ ಬಗ್ಗೆ ಎಲ್ಲರದ್ದೂ ಒಂದೇ ದೂರು: ಅರ್ಧದಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ, ಕೊನೆಗೆ ಬಂದಾಗ ಒಮ್ಮೆಲೇ ಓಡುತ್ತದೆ. ಇದು ಬೋರ್ಡು ಕೆಟ್ಟಿರುವುದರಿಂದಲ್ಲ. ಈ ಚಿಪ್‌ನ ಫ್ರೀಕ್ವೆನ್ಸಿ ಅಂದರೆ 1ನ್ನು ರೆಸಿಸ್ಟರ್ ಮತ್ತು ಕೆಪ್ಯಾಸಿಟರ್‌ಗಳ ಗುಣಲಬ್ಧದಿಂದ ಭಾಗಿಸಿದಷ್ಟು. 0.1 ಮೈಕ್ರೋಫ್ಯಾರಡ್ ಇಟ್ಟುಕೊಳ್ಳಿ. 100 ಕಿಲೋಓಮ್ ಇದ್ದಾಗ 100 ಹರ್ಟ್ಸ್, 50 ಕಿಲೋಓಮ್‌ಗೆ ಇಳಿಸಿದರೂ 200 ಹರ್ಟ್ಸ್ ಅಷ್ಟೇ. ಆದರೆ 10 ಕಿಲೋಓಮ್‌ಗೆ ಬಂದಾಗ 1,000, 5 ಕಿಲೋಓಮ್‌ಗೆ 2,000. ನಾಬ್‌ನ ಕೊನೆಯ ಸ್ವಲ್ಪ ಜಾಗದಲ್ಲೇ ಎಲ್ಲ ಜಾಸ್ತಿ ಹರ್ಟ್ಸ್‌ಗಳು ಒತ್ತೊತ್ತಾಗಿ ಕುಳಿತಿವೆ. ಆ ತುದಿಯಲ್ಲಿ ಒರಟು ನಾಬ್ ಮುಟ್ಟದೆ, ನಯದ ನಾಬ್ ಮಾತ್ರ ಬಳಸಬೇಕು. ಮಲ್ಟಿಟರ್ನ್ ಪಾಟ್ (ಹಲವು ಸುತ್ತು ತಿರುಗುವ ನಾಬ್) ಹಾಕಿದರೆ ಇನ್ನೂ ಒಳ್ಳೆಯದು.

ಫ್ರೀಕ್ವೆನ್ಸಿ ತೋರಿಸಲು ಬೋರ್ಡಿನಲ್ಲಿ ಡಿಸ್‌ಪ್ಲೇ ಇಲ್ಲ. ನಾನು ಸ್ಕ್ವೇರ್ ಅಲೆಯನ್ನು ಆರ್ಡುಯಿನೊ ಉನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ 5ನೇ ಪಿನ್‌ಗೆ ಕೊಟ್ಟು, ಅದರೊಳಗಿನ ಟೈಮರ್ 1ರಿಂದ ಒಂದು ಸೆಕೆಂಡಿನ ಪಲ್ಸ್‌ಗಳನ್ನು ಎಣಿಸುತ್ತೇನೆ. ಎಚ್ಚರಿಕೆ: ಸ್ಕ್ವೇರ್ ಅಲೆಯ ಎತ್ತರ ಹೆಚ್ಚುಕಡಿಮೆ ಸಪ್ಲೈ ವೋಲ್ಟೇಜಿನಷ್ಟೇ ಇರುತ್ತದೆ, ಅದಕ್ಕೆ ಎತ್ತರದ ನಾಬ್ ಕೆಲಸ ಮಾಡುವುದಿಲ್ಲ. ನೇರವಾಗಿ ಕೊಟ್ಟರೆ ಉನೊ ಪಿನ್ ಸುಟ್ಟುಹೋಗುತ್ತದೆ. 10 ಕಿಲೋಓಮ್ ಮತ್ತು 4.7 ಕಿಲೋಓಮ್ ಡಿವೈಡರ್ (ವೋಲ್ಟೇಜ್ ಹಂಚಿ ಇಳಿಸುವ ಎರಡು ರೆಸಿಸ್ಟರ್) ಹಾಕಿದರೆ 12 ವೋಲ್ಟ್ 4ಕ್ಕಿಂತ ಕೆಳಗೆ ಇಳಿಯುತ್ತದೆ.

ಇನ್ನು ಅಲೆಯ ಗುಣಮಟ್ಟ. ಮಾರುವವರು ಸೈನ್‌ನಲ್ಲಿ ವಿರೂಪ 1 ಶೇಕಡಾಕ್ಕಿಂತ ಕಡಿಮೆ ಎನ್ನುತ್ತಾರೆ. ಡೇಟಾಶೀಟ್ ಪ್ರಕಾರ ಹೊಂದಾಣಿಕೆ ಮಾಡದೆ ಇದ್ದರೆ 2.5, ಎರಡು ಪ್ರಿಸೆಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್) ಹಾಕಿ ಸರಿಮಾಡಿದರೆ ಮಾತ್ರ 0.5ರ ಆಸುಪಾಸು. ಕಿಟ್‌ನಲ್ಲಿ ಆ ಪ್ರಿಸೆಟ್‌ಗಳೇ ಇಲ್ಲ. 13 ಮತ್ತು 14ನೇ ಪಿನ್‌ಗಳ ನಡುವಿನ ರೆಸಿಸ್ಟರ್ ತೆಗೆದು 500 ಓಮ್ ಪ್ರಿಸೆಟ್ ಹಾಕಿ, ಆಸಿಲೋಸ್ಕೋಪ್ (ಅಲೆಯ ಚಿತ್ರ ತೋರಿಸುವ ಉಪಕರಣ) ನೋಡುತ್ತಾ ತಿರುಗಿಸಿ. ಅಲೆಯ ತುದಿ ಒಮ್ಮೆ ಚೂಪಾಗುತ್ತದೆ, ಒಮ್ಮೆ ಚಪ್ಪಟೆಯಾಗುತ್ತದೆ, ನಡುವೆ ಒಂದು ಕಡೆ ದುಂಡಗೆ ನಿಲ್ಲುತ್ತದೆ.

ಆ ದುಂಡನೆ ತುದಿಯನ್ನು ದೊಡ್ಡದು ಮಾಡಿ ನೋಡಿದರೆ ಇನ್ನೊಂದು ದೋಷ ಕಾಣುತ್ತದೆ. ಪ್ರತಿ ತುದಿಯಲ್ಲೂ ಸೂಜಿಯಂತೆ ಸಣ್ಣದೊಂದು ಮುಳ್ಳು. ಒಳಗೆ ಸ್ಕ್ವೇರ್ ಅಲೆ ಮೇಲೆ ಇಲ್ಲವೇ ಕೆಳಗೆ ಜಿಗಿಯುವುದು ಸರಿಯಾಗಿ ಆ ಕ್ಷಣದಲ್ಲೇ, ಅದರ ನೆರಳು ಸೈನ್ ಮೇಲೆ ಬೀಳುತ್ತದೆ. ಸ್ಕ್ವೇರ್ ಅಲೆ ಹೊರಬರುವ 11ನೇ ಪಿನ್‌ಗೆ ಸಪ್ಲೈಯಿಂದ ಹೋಗುವ ಪುಲ್-ಅಪ್ ರೆಸಿಸ್ಟರ್‌ನ ಸಂಪರ್ಕ ತಪ್ಪಿಸಲು ಒಂದು ಚಿಕ್ಕ ಸ್ವಿಚ್ ಕೂರಿಸಿದೆ. ಸ್ಕ್ವೇರ್ ಬೇಡದಾಗ ಆಫ್ ಮಾಡಿದರೆ ಮುಳ್ಳು ಮಾಯ. ಈ ಕಿಟ್‌ಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆ ಇದೇ ಎಂದು ನನ್ನ ಖಚಿತ ಅಭಿಪ್ರಾಯ.

ಸೈನ್ ಮತ್ತು ಟ್ರಯಾಂಗಲ್ ಔಟ್‌ಪುಟ್ ಜೊತೆ ಸಪ್ಲೈನ ಅರ್ಧದಷ್ಟು ಡಿಸಿ ಕೂಡ ಬರುತ್ತದೆ, 12 ವೋಲ್ಟಿಗೆ ಸುಮಾರು 6. ಆಡಿಯೋ ಸರ್ಕ್ಯೂಟ್‌ಗೆ ಕೊಡುವ ಮುನ್ನ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ, ಪ್ಲಸ್ ಬದಿ ಬೋರ್ಡಿನ ಕಡೆಗೆ. ಎಲ್‌ಎಂ386 ಆಂಪ್ಲಿಫೈಯರ್ ಇನ್‌ಪುಟ್‌ನ ಗರಿಷ್ಠ ಮಿತಿ ಬರೀ 0.4 ವೋಲ್ಟ್. ಹಾಗಾಗಿ 10 ಕಿಲೋಓಮ್, 100 ಓಮ್ ಡಿವೈಡರ್ ಮೂಲಕ ನೂರರ ಒಂದು ಭಾಗಕ್ಕೆ ಇಳಿಸಿ ಕೊಡುತ್ತೇನೆ. ಇಲ್ಲಿ ಸೈನ್‌ಗಿಂತ ಟ್ರಯಾಂಗಲ್ ನನಗೆ ಇಷ್ಟ. ಆಂಪ್ಲಿಫೈಯರ್ ಸಾಕಾಯಿತು ಅಂದಾಗ ತ್ರಿಕೋನದ ತುದಿ ಕತ್ತರಿಸಿದ ಹಾಗೆ ಕಾಣುತ್ತದೆ, ಕ್ರಾಸ್‌ಓವರ್ ತೊಂದರೆ (ಅಲೆ ಪ್ಲಸ್‌ನಿಂದ ಮೈನಸ್‌ಗೆ ದಾಟುವಲ್ಲಿನ ದೋಷ) ಇದ್ದರೆ ನೇರ ಗೆರೆಯ ನಡುವೆ ಒಂದು ಸೊಟ್ಟ ಬರುತ್ತದೆ. ಸೈನ್‌ನಲ್ಲಿ ಇವೆರಡೂ ಬೇಗ ಕಣ್ಣಿಗೆ ಬೀಳುವುದಿಲ್ಲ.

ಔಟ್‌ಪುಟ್‌ನ ಒಳರೋಧ 600 ಓಮ್ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 8 ಓಮ್ ಸ್ಪೀಕರ್ ನೇರವಾಗಿ ಜೋಡಿಸಿದರೆ ಏನೂ ಕೇಳಿಸದ ಹಾಗೇ. 1.6 ಕಿಲೋಓಮ್, 0.1 ಮೈಕ್ರೋಫ್ಯಾರಡ್‌ನ ಫಿಲ್ಟರ್ 995 ಹರ್ಟ್ಸ್ ಹತ್ತಿರ ಕತ್ತರಿಸಬೇಕು, ಆದರೆ ಬೋರ್ಡಿನ 600 ಓಮ್ ಸೇರಿ 723ಕ್ಕೇ ಕತ್ತರಿಸುತ್ತದೆ. 16 ಕಿಲೋಓಮ್, 0.01 ಮೈಕ್ರೋಫ್ಯಾರಡ್ ಬಳಸಿದರೆ ವ್ಯತ್ಯಾಸ ತೀರಾ ಕಡಿಮೆ. ಇದನ್ನು ಅಳೆಯಲು ಸಾಮಾನ್ಯ ಮಲ್ಟಿಮೀಟರ್‌ನ ಎಸಿ ರೇಂಜ್ ನಂಬಬೇಡಿ, ಅಗ್ಗದ ಮೀಟರ್‌ಗಳು 400 ಹರ್ಟ್ಸ್ ದಾಟಿದರೆ ಸರಿಯಾಗಿ ಓದುವ ಖಾತ್ರಿ ಇಲ್ಲ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಹಳೇ ರೇಡಿಯೋ ಜೊತೆಗಿನ ಕೆಲಸ. ಮೀಡಿಯಂ ವೇವ್ ರೇಡಿಯೋದ ಐಎಫ್ (ಹಿಡಿದ ಸ್ಟೇಷನ್ನನ್ನು ರೇಡಿಯೋ ಒಳಗೆ ಬದಲಿಸಿಕೊಳ್ಳುವ ಫ್ರೀಕ್ವೆನ್ಸಿ) ಸಾಮಾನ್ಯವಾಗಿ 455 ಕಿಲೋಹರ್ಟ್ಸ್, ಈ ಬೋರ್ಡಿನ ಐದನೇ ರೇಂಜಿನೊಳಗೆ ಬರುತ್ತದೆ. ಇನ್ನೊಂದು ಪ್ರಯೋಗ ಮಾಡಿ ನೋಡಿ. ರೇಡಿಯೋದಲ್ಲಿ ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಹಿಡಿಯಿರಿ, ಧಾರವಾಡದ ಕಡೆಯವರು 765. ಬೋರ್ಡಿನ ಔಟ್‌ಪುಟ್‌ಗೆ ಗೇಣುದ್ದದ ವೈರ್ ಸಿಕ್ಕಿಸಿ ರೇಡಿಯೋ ಪಕ್ಕ ಇಡಿ, ಅದಕ್ಕಿಂತ ಉದ್ದ ಬೇಡ, ಪಕ್ಕದ ಮನೆಯ ರೇಡಿಯೋಗೆ ತೊಂದರೆ ಆಗಬಾರದು. ನಾಬ್ ನಿಧಾನ ತಿರುಗಿಸಿದಂತೆ ಸ್ಟೇಷನ್ ಮೇಲೆ ಒಂದು ಸಿಳ್ಳೆ ಹುಟ್ಟುತ್ತದೆ. ಇನ್ನೂ ಹತ್ತಿರ ಹೋದರೆ ಸಿಳ್ಳೆ ದಪ್ಪಗಾಗುತ್ತಾ, ಗುಡುಗುಡು ಆಗಿ ನಿಂತುಹೋಗುತ್ತದೆ. ಆ ನಿಂತ ಜಾಗದಲ್ಲಿ ಬೋರ್ಡು ಸರಿಯಾಗಿ 612ರಲ್ಲಿದೆ. ಒಂದು ಪ್ರಸಾರ ಕೇಂದ್ರದ ನಿಖರತೆಯಿಂದ ನಿಮ್ಮ ಆರ್ಡುಯಿನೊ ಮೀಟರ್ ಪರೀಕ್ಷಿಸಿಕೊಳ್ಳಬಹುದು.

ಇದೇ ಪ್ರಯೋಗ ಬೋರ್ಡಿನ ಮಿತಿಯನ್ನೂ ತೋರಿಸುತ್ತದೆ. ಚಿಪ್ ಮೇಲೆ ಬೆರಳಿಟ್ಟರೆ ಸಿಳ್ಳೆಯ ಸ್ವರ ಜಾರುತ್ತದೆ, ಊದಿದರೂ ಜಾರುತ್ತದೆ. ಪವರ್ ಹಾಕಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಡದೆ ಏನನ್ನೂ ಅಳೆಯಬಾರದು. ಜಾಸ್ತಿ ಹರ್ಟ್ಸ್‌ಗೆ ಹೋದಂತೆ ಸ್ಕ್ವೇರ್ ಅಲೆಯ ಏರುವ ಬದಿ ಬಾಗುತ್ತದೆ, 1 ಮೆಗಾಹರ್ಟ್ಸ್ ಹತ್ತಿರ ಅದನ್ನು ಸ್ಕ್ವೇರ್ ಎನ್ನಲಾಗದು. ಎಕ್ಸಾರ್ 2017ರಲ್ಲಿ ಮ್ಯಾಕ್ಸ್‌ಲೀನಿಯರ್ ಕಂಪನಿಯ ಪಾಲಾಯಿತು, ಅಸಲಿ ಚಿಪ್ ಈಗ ಸಿಗುವುದು ಅಪರೂಪ. ಕಿಟ್‌ಗಳಲ್ಲಿ ಬರುವವು ಬಹುಪಾಲು ನಕಲು, ಒಂದೊಂದು 1 ಮೆಗಾಹರ್ಟ್ಸ್ ತಲುಪುವುದೇ ಇಲ್ಲ. ಸಾಕೆಟ್ ಹಾಕಿ ಕೂರಿಸಿದರೆ ಬದಲಿಸುವುದು ಸುಲಭ.

ನಿಖರತೆಯೇ ಬೇಕು ಅಂದರೆ ಎಡಿ9833 ಎಂಬ ಡಿಜಿಟಲ್ ಸಿಗ್ನಲ್ ಜನರೇಟರ್ ಚಿಪ್‌ನ ಮಾಡ್ಯೂಲ್ ಇದೆ. 25 ಮೆಗಾಹರ್ಟ್ಸ್ ಕ್ಲಾಕ್‌ನಿಂದ ಸುಮಾರು 0.1 ಹರ್ಟ್ಸ್ ಹೆಜ್ಜೆಯಲ್ಲಿ ಫ್ರೀಕ್ವೆನ್ಸಿ ಕೊಡುತ್ತದೆ, ಜಾರುವ ಮಾತೇ ಇಲ್ಲ. ಆದರೆ ಅದಕ್ಕೆ ಮೈಕ್ರೋಕಂಟ್ರೋಲರ್ ಬೇಕು, ಕೋಡ್ ಬೇಕು, ಚಿಪ್‌ನಿಂದ ಬರುವ ಸೈನ್ ಬರೀ 0.6 ವೋಲ್ಟ್ ಆಸುಪಾಸು. ನನ್ನ ಹತ್ತಿರ ಅದೂ ಇದೆ. ಆದರೂ ಸ್ಪೀಕರ್ ಡಬ್ಬಿಯಲ್ಲಿ ಯಾವ ಸ್ವರಕ್ಕೆ ಗರಗರ ಸದ್ದು ಬರುತ್ತದೆ ಅಂತ ಹುಡುಕುವಾಗ ಕೈ ಹೋಗುವುದು ಈ ನಾಬ್‌ಗೇ. 40ರಿಂದ 200 ಹರ್ಟ್ಸ್ ತನಕ ಮೆಲ್ಲಗೆ ತಿರುಗಿಸುತ್ತಾ, ಇನ್ನೊಂದು ಕೈಯಿಂದ ಡಬ್ಬಿಯ ಹಲಗೆ ಒತ್ತುತ್ತಾ ಹೋದರೆ ಸಡಿಲ ಸ್ಕ್ರೂ ಎಲ್ಲಿದೆ ಅಂತ ತಾನಾಗಿ ಸಿಗುತ್ತದೆ. ಶಾಲೆ ಮಕ್ಕಳಿಗೆ ಕಲಿಸುವವರು, ಆಡಿಯೋ, ರೇಡಿಯೋ ರಿಪೇರಿ ಮಾಡುವವರು ಧೈರ್ಯವಾಗಿ ತೆಗೆದುಕೊಳ್ಳಿ. ಡಿಜಿಟಲ್ ಸರ್ಕ್ಯೂಟ್‌ಗೆ ಕ್ಲಾಕ್ ಬೇಕು ಎನ್ನುವವರು ಇದನ್ನು ಬಿಟ್ಟು ಎಡಿ9833 ಕಡೆಗೇ ಹೋಗಿ.