ರೆವೆಲ್‌ನ ಕಾನ್‌ಸ್ಟಿಟ್ಯೂಷನ್ ಹಡಗಿನ ಕಿಟ್: ಅಂಟಿಗಿಂತ ದಾರದ ಕೆಲಸವೇ ಜಾಸ್ತಿ

ಮೊದಲೇ ಹೇಳಿಬಿಡುತ್ತೇನೆ. ಈ ಡಬ್ಬಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಪ್ಲಾಸ್ಟಿಕ್ ಚೂರುಗಳನ್ನು ಅಂಟಿಸಿ ಹಡಗಿನ ಒಡಲು ಕಟ್ಟುವುದು ಒಂದು. ಅದು ತುಂಬ ಚೆನ್ನಾಗಿದೆ. ಕಂಬ ನಿಲ್ಲಿಸಿ ಹಗ್ಗ ಕಟ್ಟುವುದು ಇನ್ನೊಂದು. ಅದಕ್ಕೆ ಡಬ್ಬಿಯಲ್ಲಿ ಕೊಟ್ಟಿರುವ ಸಾಮಾನಿನಲ್ಲಿ ಅರ್ಧಕ್ಕರ್ಧ ನಾನು ಮುಟ್ಟಲೇ ಇಲ್ಲ. ಆದರೂ ದುಡ್ಡು ದಂಡವಾಯಿತು ಅಂತ ಅನ್ನಿಸಲಿಲ್ಲ.

ಕಿಟ್ ಯಾವುದು ಅಂದರೆ, ರೆವೆಲ್ ಕಂಪನಿಯ 1/96 ಅಳತೆಯ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್, ಅಮೆರಿಕದ ಹಳೇ ಹಾಯಿ ಯುದ್ಧನೌಕೆಯ ಪ್ಲಾಸ್ಟಿಕ್ ಮಾಡೆಲ್. ಮೊದಲು ಬಂದದ್ದು 1965ರಲ್ಲಿ. ಆಮೇಲೆ ಡಬ್ಬಿಯ ಮೇಲಿನ ಚಿತ್ರ ಬದಲಾಗುತ್ತಾ ಮತ್ತೆ ಮತ್ತೆ ಬಂದಿದೆ. ನಿಜವಾದ ಹಡಗಿನ ಎಂಟು ಅಡಿಗೆ ಇಲ್ಲಿ ಒಂದು ಇಂಚು. ಕಟ್ಟಿ ಮುಗಿಸಿದರೆ ಮೂರು ಅಡಿ ಉದ್ದ, ಎರಡು ಅಡಿಗಿಂತ ಜಾಸ್ತಿ ಎತ್ತರ. ಕಂಬದ ಅಡ್ಡಮರಗಳೇ ಒಂದು ಅಡಿಯಷ್ಟು ಅಗಲ ಚಾಚಿಕೊಳ್ಳುತ್ತವೆ. ಟಿವಿ ಪಕ್ಕದ ಶೋಕೇಸಿನಲ್ಲಿ ಇಟ್ಟರಾಯಿತು ಅಂದುಕೊಳ್ಳುವವರು ಮೊದಲು ಟೇಪ್ ಹಿಡಿದು ಅಳೆದು ನೋಡಿ.

ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿ ಲೈನಿನಲ್ಲಿದ್ದವಳು. ಕಣ್ಣಿಗೆ ಲೂಪ್ ಅನ್ನುವ ಭೂತಗನ್ನಡಿ, ಕೈಗೆ ಚಿಮಟ, ಎದುರಿಗೆ ತಟ್ಟೆ ತುಂಬ ಸಣ್ಣ ಚಕ್ರಗಳು. ರಿಟೈರ್ ಆದ ಮೇಲೆ ಕೈ ಸುಮ್ನೆ ಇರಲಿಲ್ಲ. ಮಗ ಬಾಸ್ಟನ್ ಹತ್ತಿರ ಕೆಲಸದಲ್ಲಿದ್ದಾನೆ. ಅಲ್ಲಿನ ಚಾರ್ಲ್ಸ್‌ಟೌನ್ ನೇವಿ ಯಾರ್ಡಿನಲ್ಲಿ ನಿಜವಾದ ಕಾನ್‌ಸ್ಟಿಟ್ಯೂಷನ್ ಇನ್ನೂ ನೀರಿನ ಮೇಲೆ ತೇಲುತ್ತಿದೆ, ಹತ್ತಿ ನೋಡಬಹುದು. ಇವತ್ತಿಗೂ ಅದು ಅಮೆರಿಕದ ನೌಕಾಪಡೆಯ ಲೆಕ್ಕದಲ್ಲೇ ಇದೆ, ಕಾಯುವವರು ನೌಕಾಪಡೆಯವರೇ. ನಾನು ಹಗ್ಗದ ಗಂಟುಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದದ್ದನ್ನು ಕಂಡು ಮಗನೇ ಈ ಡಬ್ಬಿ ತಂದುಕೊಟ್ಟ. ಬೆಲೆಯ ಚೀಟಿ ಮಾತ್ರ ಕಿತ್ತುಹಾಕಿದ್ದ.

ಸೂಟ್‌ಕೇಸಿನಲ್ಲಿ ತರುವವರಿಗೆ ಒಂದು ಮಾತು. ಡಬ್ಬಿ ತರಬಹುದು, ಆದರೆ ಪ್ಲಾಸ್ಟಿಕ್ ಅಂಟನ್ನೂ ಸ್ಪಿರಿಟ್ ಇರುವ ಬಣ್ಣವನ್ನೂ ವಿಮಾನದಲ್ಲಿ ಬಿಡುವುದಿಲ್ಲ, ಬೆಂಕಿ ಹತ್ತುವ ಸಾಮಾನು. ಅದನ್ನೆಲ್ಲ ಇಲ್ಲೇ ಕೊಳ್ಳಬೇಕು. ಪ್ಲಾಸ್ಟಿಕ್ ಮಾಡೆಲ್‌ಗೇ ಅಂತ ಇರುವ ನೀರಿನಂಥ ಅಂಟು ಹುಡುಕಿ ತನ್ನಿ. ಅದು ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ. ಫೆವಿಕ್ವಿಕ್ ಬಗೆಯ ಅಂಟು ಇಲ್ಲಿ ಬೇಡ. ಒಣಗುವಾಗ ಸುತ್ತ ಬೆಳ್ಳಗೆ ಮಂಜು ಕಟ್ಟಿದ ಕಲೆ ಬರುತ್ತದೆ, ಬಣ್ಣ ಹಚ್ಚಿದ ಮೇಲಂತೂ ಎದ್ದು ಕಾಣುತ್ತದೆ.

ಇನ್ನು ಒಡಲು. ಎಡಕ್ಕೊಂದು ಬಲಕ್ಕೊಂದು ಎರಡು ದೊಡ್ಡ ಸೀಳು. ಹಲಗೆಗಳ ಗೆರೆ, ಕೆಳಗೆ ತಾಮ್ರದ ತಗಡುಗಳ ಸಾಲು, ಎಲ್ಲ ಅಚ್ಚಿನಲ್ಲೇ ಮೂಡಿದೆ. ಅರುವತ್ತರ ದಶಕದ ಅಚ್ಚು ಅಂದರೆ ನಂಬುವುದು ಕಷ್ಟ. ಆ ಕಾಲದಲ್ಲಿ ಕಂಪ್ಯೂಟರ್ ಇಲ್ಲದೆ ಕೈಯಲ್ಲೇ ಮಾದರಿ ಕೆತ್ತಿ ಅಚ್ಚು ಮಾಡುತ್ತಿದ್ದರು. ಟೂಲ್ ರೂಮಿನವರ ಕೈ ಹೇಗಿರುತ್ತದೆ ಅಂತ ನೋಡಿ ಬೆಳೆದ ನನಗೆ ಅದು ತಕ್ಷಣ ಗೊತ್ತಾಯಿತು. ಎರಡು ಸೀಳನ್ನು ಕೂಡಿಸುವಾಗ ಸೈಕಲ್ ಟ್ಯೂಬನ್ನು ರಿಬ್ಬನ್ ಹಾಗೆ ಕತ್ತರಿಸಿ ಸುತ್ತಿದೆ. ಕ್ಲಾಂಪಿಗಿಂತ ಅದೇ ವಾಸಿ, ಎಲ್ಲ ಕಡೆ ಒಂದೇ ಸಮ ಬಿಗಿಯುತ್ತದೆ, ಗೀರು ಬೀಳುವುದಿಲ್ಲ.

ತಾಮ್ರಕ್ಕೆ ಬಣ್ಣ ಹಚ್ಚುವಾಗ ಫಳಫಳ ಹೊಳೆಸಬೇಡಿ. ಉಪ್ಪು ನೀರಿನಲ್ಲಿ ಓಡಾಡಿದ ತಾಮ್ರ ಕಂದು ತಿರುಗಿರುತ್ತದೆ. ನಾನು ತಾಮ್ರದ ಬಣ್ಣದ ಮೇಲೆ ತೆಳ್ಳಗೆ ಕಂದು ಎಳೆದು ಬಟ್ಟೆಯಲ್ಲಿ ಒರೆಸಿದೆ. ಮೇಲಿನ ಪಟ್ಟಿಯ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಬಾಸ್ಟನ್‌ನಲ್ಲಿ ಇವತ್ತು ಕಪ್ಪು ಒಡಲಿಗೆ ಬಿಳಿ ಪಟ್ಟಿ ಇದೆ. 1812ರಲ್ಲಿ ಬ್ರಿಟಿಷರ ಜೊತೆ ಶುರುವಾದ ಯುದ್ಧದ ಕಾಲದ ಚಿತ್ರಗಳಲ್ಲಿ ಹಳದಿ. ನಮ್ಮ ಯಜಮಾನರು ಫೋನಿನಲ್ಲಿದ್ದ ಫೋಟೋ ತೋರಿಸಿ "ನೋಡೇ, ಬಿಳಿ ಅಲ್ವಾ?" ಅಂದರು. ನಾನು ಹಳದಿಯೇ ಹಚ್ಚಿದೆ.

ಈ ಹಡಗಿಗೆ ಅಡ್ಡಹೆಸರು ಬಂದದ್ದೇ ಒಡಲಿನಿಂದ. 1794ರಲ್ಲಿ ಅಮೆರಿಕದ ಸಂಸತ್ತು ಆರು ಹಡಗು ಕಟ್ಟಲು ಒಪ್ಪಿತು, ಅದರಲ್ಲಿ ಇದೊಂದು. ನಕ್ಷೆ ಜೋಶುವಾ ಹಂಫ್ರೀಸ್‌ದು. 1797ರ ಸೆಪ್ಟೆಂಬರಿನಲ್ಲಿ ನೀರಿಗಿಳಿಸಲು ಹೋದರೆ ಜಾರುಹಲಗೆಯ ಮೇಲೆ ಸಿಕ್ಕಿಕೊಂಡಿತು. ಕೊನೆಗೆ ಇಳಿದದ್ದು ಅಕ್ಟೋಬರ್ 21ಕ್ಕೆ. ಒಳಗೆ ಲೈವ್ ಓಕ್ ಅನ್ನುವ ಗಟ್ಟಿ ಮರದ ಪಕ್ಕೆಲುಬು, ಅದರ ಎರಡೂ ಕಡೆ ಬಿಳಿ ಓಕ್ ಹಲಗೆ, ಒಟ್ಟು ದಪ್ಪ ಸುಮಾರು ಎರಡು ಅಡಿ. 1812ರ ಆಗಸ್ಟ್ 19ರಂದು ಬ್ರಿಟಿಷರ ಗೆರಿಯೇರ್ ಹಡಗಿನ ಗುಂಡುಗಳು ಇದರ ಮೈಗೆ ಬಡಿದು ಬಿದ್ದುಹೋದವು. ಪಕ್ಕೆ ಕಬ್ಬಿಣದ್ದು ಅಂತ ನಾವಿಕನೊಬ್ಬ ಕೂಗಿದನಂತೆ. ಅಂದಿನಿಂದ ಓಲ್ಡ್ ಐರನ್‌ಸೈಡ್ಸ್ ಅನ್ನುವ ಅಡ್ಡಹೆಸರು ನಿಂತಿತು. ಆ ಎರಡು ಅಡಿಯನ್ನು ಈ ಅಳತೆಗೆ ಇಳಿಸಿದರೆ ಆರು ಮಿಲಿಮೀಟರ್ ದಾಟುತ್ತದೆ, ಪ್ಲಾಸ್ಟಿಕ್ ಅಷ್ಟು ದಪ್ಪ ಇರುವುದಿಲ್ಲ. ಅದಕ್ಕೆ ಫಿರಂಗಿ ಕಿಂಡಿಗಳ ಒಳಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದೆ. ಸಣ್ಣ ಕೆಲಸ, ಆದರೆ ಹೊರಗಿನಿಂದ ನೋಡಿದರೆ ಗೋಡೆಗೆ ದಪ್ಪ ಬಂದ ಹಾಗೆ ಕಾಣುತ್ತದೆ.

ಫಿರಂಗಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೆಕ್ಕಕ್ಕೆ 44 ಫಿರಂಗಿಯ ಹಡಗು, ನಿಜಕ್ಕೆ 50ರ ಮೇಲೆ ಹೊರುತ್ತಿತ್ತು. 24 ಪೌಂಡಿನ ಗುಂಡು ಹಾರಿಸುವ ಉದ್ದ ಫಿರಂಗಿಗಳು ಕೆಳಗಿನ ಡೆಕ್ಕಿನಲ್ಲಿ, ಮೋಟು ಫಿರಂಗಿಗಳು ಮೇಲೆ. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು. ಲೈನಿನಲ್ಲಿ ಕೂತು ರೂಢಿ ಇದ್ದವರಿಗೆ ಬೇಜಾರಾಗದು. ಬೇರೆಯವರು ದಿನಕ್ಕೆ ನಾಲ್ಕೈದರಂತೆ ಮಾಡಿಕೊಳ್ಳಿ.

ನನಗೆ ಇಷ್ಟವಾಗದ್ದು ಡೆಕ್. ಮೇಲಿನ ಡೆಕ್ ಮೂರು ತುಂಡಾಗಿ ಬರುತ್ತದೆ. ಕೂಡಿಸಿದಾಗ ಹಲಗೆಗಳ ಮೇಲೆ ಅಡ್ಡಕ್ಕೆ ನೇರ ಗೆರೆ ಬೀಳುತ್ತದೆ. ಯಾವ ಬಡಗಿಯೂ ಹಲಗೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಕತ್ತರಿಸಿ ಜೋಡಿಸುವುದಿಲ್ಲ, ಅಲ್ವಾ? ಪುಟ್ಟಿ ತುಂಬಿ ಉಜ್ಜಿದರೆ ಸುತ್ತಲಿನ ಹಲಗೆ ಗೆರೆಗಳೂ ಮಾಯವಾಗುತ್ತವೆ, ಆಮೇಲೆ ಸೂಜಿಯಲ್ಲಿ ಗೀಚಿ ಮತ್ತೆ ಎಳೆಯಬೇಕು. ಕೆಲವರು ಇಡೀ ಡೆಕ್ಕಿಗೆ ತೆಳ್ಳನೆ ಮರದ ಪಟ್ಟಿ ಅಂಟಿಸುತ್ತಾರೆ. ನಾನು ಸೂಜಿಯ ದಾರಿ ಹಿಡಿದೆ.

ಡೆಕ್ಕಿನ ಮೇಲೆ ನನಗೆ ತುಂಬ ಇಷ್ಟವಾದ ತುಂಡು ಚುಕ್ಕಾಣಿಯ ಚಕ್ರ. ಒಂದೇ ಅಚ್ಚಿಗೆ ಹಿಂದೆ ಮುಂದೆ ಎರಡು ಚಕ್ರ, ಉಗುರಿನಷ್ಟು ಅಗಲ. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯ ಆಚೆ ಕಾನ್‌ಸ್ಟಿಟ್ಯೂಷನ್ನಿಗೂ ಬ್ರಿಟಿಷರ ಜಾವಾ ಹಡಗಿಗೂ ಕಾದಾಟವಾಯಿತು. ಕಾನ್‌ಸ್ಟಿಟ್ಯೂಷನ್ನಿನ ಚಕ್ರ ಗುಂಡಿಗೆ ಹಾರಿಹೋಯಿತು. ಗೆದ್ದ ಮೇಲೆ ಕ್ಯಾಪ್ಟನ್ ಬೇನ್‌ಬ್ರಿಜ್ ಜಾವಾದ ಚಕ್ರವನ್ನೇ ಬಿಚ್ಚಿ ತನ್ನ ಹಡಗಿಗೆ ಹಾಕಿಸಿಕೊಂಡ ಅನ್ನುತ್ತಾರೆ. ಆ ಜಾವಾ ಹೊರಟಿದ್ದು ನಮ್ಮ ಕಡೆಗೇ. ಬೊಂಬಾಯಿಯಲ್ಲಿ ತೇಗದ ಮರದಲ್ಲಿ ಕಟ್ಟುತ್ತಿದ್ದ ಕಾರ್ನ್‌ವಾಲಿಸ್ ಹಡಗಿಗೆ ತಾಮ್ರದ ತಗಡು ಅದರಲ್ಲಿತ್ತು. ಬೊಂಬಾಯಿ ಹುದ್ದೆಗೆ ಹೊರಟಿದ್ದ ಜನರಲ್ ಥಾಮಸ್ ಹಿಸ್ಲಾಪ್ ಕೂಡ ಅದರಲ್ಲೇ ಸೆರೆಸಿಕ್ಕ. ಬಿಡುಗಡೆಯಾಗಿ ಕೊನೆಗೂ ಇಂಡಿಯಾಕ್ಕೆ ಬಂದು, 1817ರಲ್ಲಿ ಮಹಿದ್‌ಪುರದಲ್ಲಿ ಹೋಳ್ಕರ್ ಸೈನ್ಯದ ಮೇಲೆ ಯುದ್ಧ ಮಾಡಿದ. ಅವನ ಸೈನ್ಯದಲ್ಲಿ ಮೈಸೂರಿನ ಕುದುರೆ ಸವಾರರೂ ಇದ್ದರು. ಇಷ್ಟೆಲ್ಲ ಗೊತ್ತಾದ ಮೇಲೆ ಆ ಚಕ್ರಕ್ಕೆ ಸುಮ್ನೆ ಕಂದು ಬಳಿದು ಬಿಡಲು ಮನಸ್ಸು ಬರಲಿಲ್ಲ. ಲೂಪ್ ಹಾಕಿಕೊಂಡು ಹಿಡಿಗಳಿಗೆ ಒಂದು ಬಣ್ಣ, ಸುತ್ತಿನ ಬಳೆಗೆ ಇನ್ನೊಂದು ಬಣ್ಣ ಹಚ್ಚಿದೆ.

ಈಗ ದಾರಕ್ಕೆ ಬರೋಣ. ನಿಜವಾದ ಪರೀಕ್ಷೆ ಇಲ್ಲೇ.

ಕೆಳಗಿನ ಕಂಬಗಳು ಟೊಳ್ಳು, ಪ್ಲಾಸ್ಟಿಕ್. ಹಗ್ಗ ಎಳೆದು ಬಿಗಿದರೆ ಬಾಗುತ್ತವೆ. ಅಂಟಿಸುವ ಮೊದಲೇ ಒಳಗೆ ಹಿತ್ತಾಳೆ ಸಲಾಕೆ ಕೂರಿಸಿಬಿಡಿ. ಮೇಲಿನ ಸಣ್ಣ ಕಂಬಗಳನ್ನು ನಾನು ಬಿದಿರಿನಲ್ಲಿ ಕೆತ್ತಿ ಮಾಡಿಕೊಂಡೆ. ಹಾಯಿಗಳು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಉಬ್ಬಿಸಿ ಮಾಡಿದವು. ಬಟ್ಟೆಯ ಗುಣ ಅದಕ್ಕೆ ಬರುವುದಿಲ್ಲ, ಬೆಳಕು ಬಿದ್ದರೆ ಪ್ಲಾಸ್ಟಿಕ್ ಅಂತ ದೂರದಿಂದಲೇ ಗೊತ್ತಾಗುತ್ತದೆ. ಹಾಯಿ ಹಾಕಲೇ ಇಲ್ಲ. ಹಾಗೆ ಬಿಟ್ಟರೆ ಒಂದು ವಿಷಯ ನೆನಪಿಡಿ. ಹಾಯಿ ಬಿಚ್ಚಿಲ್ಲದಾಗ ಮೇಲಿನ ಅಡ್ಡಮರಗಳನ್ನು ಕೆಳಗೆ ಇಳಿಸಿಟ್ಟಿರುತ್ತಾರೆ, ಹಾಯಿ ಎತ್ತುವಾಗ ಅದನ್ನೂ ಮೇಲಕ್ಕೆ ಎಳೆಯುತ್ತಾರೆ. ಹಾಯಿ ಇಲ್ಲದೆ ಅಡ್ಡಮರ ಮಾತ್ರ ತುದಿಯಲ್ಲಿ ನಿಲ್ಲಿಸಿದರೆ ತಿಳಿದವರು ನಗುತ್ತಾರೆ.

ಕಂಬವನ್ನು ಎರಡೂ ಪಕ್ಕದಿಂದ ಹಿಡಿದು ನಿಲ್ಲಿಸುವ ದಪ್ಪ ಹಗ್ಗಕ್ಕೆ ಶ್ರೌಡ್ ಅನ್ನುತ್ತಾರೆ. ಅದರ ಮೇಲೆ ಅಡ್ಡಡ್ಡ ಕಟ್ಟಿದ, ನಾವಿಕರು ಏಣಿ ಹಾಗೆ ಹತ್ತುವ ತೆಳು ಹಗ್ಗ ರ‍್ಯಾಟ್‌ಲೈನ್. ಕಿಟ್‌ನಲ್ಲಿ ಇದಕ್ಕೆ ಪ್ಲಾಸ್ಟಿಕ್ ಲೇಪಿಸಿದ ದಾರದ ರೆಡಿಮೇಡ್ ಬಲೆ ಬರುತ್ತದೆ. ಕತ್ತರಿಸಿ ಅಂಟಿಸಿದರೆ ಒಂದು ಸಂಜೆಯ ಕೆಲಸ. ನೋಡಲು ದಪ್ಪ, ಗಂಟೇ ಇಲ್ಲ. ನಾನು ಪಾಲಿಯೆಸ್ಟರ್ ದಾರ ತಂದು ಕೈಯಲ್ಲೇ ಕಟ್ಟಿದೆ. ಹತ್ತಿ ದಾರ ಬೇಡ, ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಆಗುತ್ತದೆ. ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎಳೆದರೆ ನವಿರು ಕೂತುಕೊಳ್ಳುತ್ತದೆ.

ಕಟ್ಟುವ ರೀತಿ ಹೀಗೆ. ಬಿಳಿ ಕಾರ್ಡಿನ ಮೇಲೆ ನಾಲ್ಕು ಮಿಲಿಮೀಟರಿಗೊಂದು ಗೆರೆ ಎಳೆದು ಶ್ರೌಡ್‌ಗಳ ಹಿಂದೆ ನಿಲ್ಲಿಸಿ. ನಿಜವಾದ ಹಡಗಿನಲ್ಲಿ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಒಂದು ಅಡಿಗೆ ಸ್ವಲ್ಪ ಜಾಸ್ತಿ, ಅದರ ಲೆಕ್ಕ ಇದು. ಒಂದು ತುದಿಯ ಶ್ರೌಡ್‌ಗೆ ತೆಳು ದಾರ ಬಿಗಿದು, ಮುಂದಿನ ಒಂದೊಂದು ಶ್ರೌಡ್‌ಗೂ ಎರಡು ಸುತ್ತು ಹಾಕಿ ಎಳೆಯುತ್ತಾ ಹೋಗಬೇಕು. ಇಂಗ್ಲಿಷಿನವರು ಕ್ಲೋವ್ ಹಿಚ್ ಅನ್ನುವ ಈ ಗಂಟು ಹೆಚ್ಚುಕಡಿಮೆ ನಾವು ಮಲ್ಲಿಗೆ ಕಟ್ಟುವಾಗ ಬೆರಳಲ್ಲಿ ತಿರುಚಿ ಹಾಕುವ ಗಂಟಿನ ಹಾಗೇ. ಹೂವಿನ ತೊಟ್ಟಿನ ಜಾಗದಲ್ಲಿ ಶ್ರೌಡ್ ಇದೆ, ಅಷ್ಟೇ. ಬೆರಳಿನ ಬದಲು ಎರಡು ಚಿಮಟ. ಎಳೆಯುವಾಗ ಕೈ ಹಗುರವಾಗಿರಲಿ. ಜಾಸ್ತಿ ಬಿಗಿದರೆ ಶ್ರೌಡ್‌ಗಳು ಒಳಕ್ಕೆ ಎಳೆದುಕೊಂಡು ನಡುವೆ ಸೊರಗುತ್ತವೆ. ನೀರು ಬೆರೆಸಿದ ಫೆವಿಕಾಲ್ ಸೂಜಿ ತುದಿಯಲ್ಲಿ ಒಂದು ಹನಿ, ಒಣಗಿದ ಮೇಲೆ ತುದಿ ಕತ್ತರಿಸಿ. ಶ್ರೌಡ್ ಕಪ್ಪು ಇರಬೇಕು, ಡಾಮರು ಬಳಿಯುತ್ತಿದ್ದರು. ಹಾಯಿ ಎಳೆಯುವ ಓಡಾಟದ ಹಗ್ಗಗಳು ನಾರಿನ ಬಣ್ಣ.

ಮೂರು ಕಂಬಕ್ಕೂ ಎರಡು ಕಡೆಯೂ ಮೇಲಿನವರೆಗೆ ಕಟ್ಟುವಷ್ಟರಲ್ಲಿ ಎರಡು ಗಣೇಶನ ಹಬ್ಬ ದಾಟಿತು. ಮಧ್ಯೆ ಮನೆಗೆ ಬಂದವರೆಲ್ಲ "ಇನ್ನೂ ಮುಗಿದಿಲ್ವಾ?" ಅಂದರು. ಅವಸರ ಇದ್ದವರು ಈ ಕಿಟ್ ಕೊಳ್ಳಬಾರದು.

ಸೂಚನಾ ಪುಸ್ತಕ ಒಡಲಿನ ಮಟ್ಟಿಗೆ ಸಾಕು. ಡ್ರಾಯಿಂಗ್ ಓದಲು ಬಂದರೆ ಇಂಗ್ಲಿಷ್ ಅಷ್ಟಾಗಿ ಬೇಕಿಲ್ಲ. ಹಗ್ಗದ ವಿಷಯದಲ್ಲಿ ತುಂಬ ಸರಳ ಮಾಡಿಬಿಟ್ಟಿದ್ದಾರೆ. ಹೊಸಬರಿಗೆ ಅದೇ ಒಳ್ಳೆಯದು ಅನ್ನಬಹುದು. ಇನ್ನೂ ಬೇಕು ಅನ್ನುವವರಿಗೆ ಹಡಗಿನ ಪಕ್ಕದಲ್ಲೇ ಇರುವ ಕಾನ್‌ಸ್ಟಿಟ್ಯೂಷನ್ ಮ್ಯೂಸಿಯಂ ಮಾಡೆಲ್ ಕಟ್ಟುವವರಿಗಾಗಿ ನಕ್ಷೆ, ಮಾಹಿತಿ ಕೊಡುತ್ತದೆ. ಬಾಸ್ಟನ್ ಹತ್ತಿರದ ಸೇಲಂ ಊರಿನ ಪೀಬಾಡಿ ಎಸೆಕ್ಸ್ ಮ್ಯೂಸಿಯಂನಲ್ಲಿ ಇದೇ ಹಡಗಿನ ನಾವಿಕರು 1812ರ ಹೊತ್ತಿಗೆ ತಾವೇ ಕಟ್ಟಿ ಕ್ಯಾಪ್ಟನ್ ಐಸಾಕ್ ಹಲ್‌ಗೆ ಕೊಟ್ಟ ಮಾಡೆಲ್ ಇದೆ. ಆ ಕಡೆ ಮಕ್ಕಳ ಮನೆಗೆ ಹೋಗುವವರು ನೋಡಿ ಬನ್ನಿ.

ಗಾಜಿನ ಪೆಟ್ಟಿಗೆ ಖಂಡಿತ ಬೇಕು. ಬೆಂಗಳೂರಿನ ಧೂಳು ಒಂದು ಸಲ ರ‍್ಯಾಟ್‌ಲೈನಿನ ಮೇಲೆ ಕೂತರೆ ತೆಗೆಯುವುದು ಯಾರಿಂದಲೂ ಆಗದು. ಫರ್ನಿಚರ್ ಅಂಗಡಿಯೊಂದರಲ್ಲಿ ಕೇಳಿದರೆ ಹಡಗಿಗಿಂತ ಪೆಟ್ಟಿಗೆಯೇ ದುಬಾರಿ ಅನ್ನುವ ಹಾಗೆ ಹೇಳಿದರು. ಮೀನಿನ ತೊಟ್ಟಿ ಮಾಡುವವರ ಹತ್ತಿರ ಹೋಗಿ, ತಳ ಬಿಟ್ಟು ಐದು ಕಡೆ ಗಾಜು ಹಾಕಿಕೊಡಿ ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿ, ಮಾಡಿಕೊಟ್ಟರು. ಸುತ್ತ ಎರಡೆರಡು ಇಂಚು ಜಾಗ ಬಿಟ್ಟು ಅಳತೆ ಕೊಡಿ.

ಕೊಳ್ಳಬಹುದಾ? ದಾರ, ಗಂಟು, ನಿಧಾನ ಇಷ್ಟವಿದ್ದರೆ ಕೊಳ್ಳಿ. ಅಂಟಿಸಿ ಬಣ್ಣ ಹಚ್ಚುವುದಷ್ಟೇ ಇಷ್ಟ ಅನ್ನುವವರಿಗೆ ಕಾರು, ವಿಮಾನದ ಕಿಟ್‌ಗಳೇ ವಾಸಿ. ಹೊಸ ಡಬ್ಬಿ ಯಾವಾಗಲೂ ಸಿಗುವುದಿಲ್ಲ, ಹಳೆಯದು ಕೊಳ್ಳುವುದಾದರೆ ಒಡಲಿನ ಎರಡು ಸೀಳನ್ನು ಗಾಜಿನ ಮೇಲಿಟ್ಟು ಸೊಟ್ಟಗಾಗಿದೆಯಾ ನೋಡಿ. ಡೆಕ್ಕಿನ ಮೂರು ತುಂಡೂ ಇದೆಯಾ, ಫಿರಂಗಿಯ ಚೂರುಗಳು ಇನ್ನೂ ಫ್ರೇಮಿನಲ್ಲೇ ಇವೆಯಾ ನೋಡಿ. ಹಾಯಿ ಹಳದಿಯಾಗಿದ್ದರೆ, ರ‍್ಯಾಟ್‌ಲೈನ್ ಬಲೆ ಮುರಿದಿದ್ದರೆ, ಅದನ್ನೇ ತೋರಿಸಿ ಚೌಕಾಸಿ ಮಾಡಿ. ಹೇಗೂ ಅದು ಬೇಕಾಗಲ್ಲ.