ಮಂಗಳೂರಲ್ಲಿ ಗಿಟಾರಿಗೆ ಮರ ತಕೊಳ್ಳುವವರು ಒಮ್ಮೆ ಇದನ್ನು ಓದಿ

ಮರದ ಡಿಪೋದ ಹೆಸರು ಹಾಕುದಿಲ್ಲ, ಕೇಳ್ಬೇಡಿ. ಮಂಗಳೂರಿನದ್ದೇ. ಮೂರು ತಿಂಗಳ ಕೆಲಸ ನೀರಲ್ಲಿ ಹೋಮ ಆಯ್ತು, ನಿಜವಾಗಿ ನೀರಲ್ಲೇ, ಓದಿದ್ರೆ ಗೊತ್ತಾಗ್ತದೆ.

ಮನೇಲೇ ಎಲೆಕ್ಟ್ರಿಕ್ ಗಿಟಾರ್ ಮಾಡುವ ಹುಚ್ಚು ನಂದು. ಬಾಡಿ ಹಲಸಿಂದು, ನೆಕ್, ಅಂದ್ರೆ ತಂತಿ ಒತ್ತುವ ಉದ್ದ ಕೈ, ಸಾಗುವಾನಿದು ಅಂತ ಲೆಕ್ಕ ಹಾಕಿದ್ದೆ. ಮೇಪಲ್ ಮರ ಎಲ್ಲ ಹೊರಗಿಂದ ತರಿಸುವಷ್ಟು ದುಡ್ಡಿಲ್ಲ, ಮತ್ತೆ ಎಲೆಕ್ಟ್ರಿಕ್‌ನಲ್ಲಿ ಶಬ್ದ ಜಾಸ್ತಿ ತಂತಿಯ ಅಡಿಯಲ್ಲಿರುವ ಮ್ಯಾಗ್ನೆಟ್ಟಿನ ಪಿಕಪ್ಪಿಂದ ಬರುದು, ಬಾಡಿ ಇಂಥದ್ದೇ ಮರ ಆಗ್ಬೇಕು ಅಂತ ಇಲ್ಲ, ಒಣಗಿದ್ರೆ ಸಾಕು. ಒಣಗಿದ್ರೆ!

ಮಾರ್ಚಲ್ಲಿ ಹೋದದ್ದು. ಡ್ರೈ ಉಂಟಾ ಅಂತ ಕಡಿಮೆ ಅಂದ್ರೂ ನಾಲ್ಕು ಸಲ ಕೇಳಿದೆ. "ಮೂರು ವರ್ಷದಿಂದ ಶೆಡ್ಡಲ್ಲಿ ಬಿದ್ದುಕೊಂಡುಂಟು ಸರ್, ಚೆಂಡೆ ಮದ್ದಳೆಯವರೇ ನಮ್ಮಲ್ಲಿಂದ ಹಲಸು ತಕೊಂಡು ಹೋಗುದು, ನಿಮ್ಮ ಗಿಟಾರ್ ಎಂತ ದೊಡ್ಡ ವಿಷಯ" ಅಂದ್ರು ಓನರ್. ನಾನು ವಿಡಿಯೋದಲ್ಲಿ ನೋಡಿದ ಹಾಗೆ ಬೆರಳಿನ ಗೆಣ್ಣಲ್ಲಿ ಟಕ್ ಟಕ್ ಬಡಿದು ಕಿವಿ ಇಟ್ಟೆ. ಅವ್ರು ಕೆಲಸದ ಹುಡುಗನ ಹತ್ರ, "ನೋಡಾ, ಇವರಿಗೆ ಮರದ ಬಗ್ಗೆ ಗೊತ್ತುಂಟು" ಅಂದ್ರು. ಮುಗೀತು. ಆ ಒಂದು ಮಾತಿಗೆ ಉಬ್ಬಿ ಹೋದೆ ಮಾರಾಯ್ರೆ, ಸಿಎಫ್‌ಟಿ (ಘನ ಅಡಿ) ರೇಟ್ ಕೂಡ ಕೇಳ್ಲಿಲ್ಲ, 20 ಇಂಚು ಉದ್ದ 14 ಅಗಲ ಒಂದೂಮುಕ್ಕಾಲು ದಪ್ಪದ ಹಲಗೆ ಅಂದ್ರೆ ಕಾಲು ಸಿಎಫ್‌ಟಿಗಿಂತ ಚೂರು ಜಾಸ್ತಿ ಅಷ್ಟೆ, ಅದೂ ನೆಕ್ಕಿನ ಪೀಸೂ ಸೇರಿ 4,200 ಕೊಟ್ಟು ಬಂದೆ. ಥ್ಯಾಂಕ್ಸ್ ಬೇರೆ ಹೇಳಿದ್ದೇನೆ.

ತುದಿಗಳಿಗೆ ಕೆಂಪು ಪೈಂಟ್ ಬಳಿದಿತ್ತು. ಒಳ್ಳೆ ಮಾಲು ಅಂತ ಗುರುತು ಇರ್ಬೇಕು ಅಂದ್ಕೊಂಡೆ. ಹಸಿ ಮರ ಒಣಗುವಾಗ ತುದಿ ಒಡೀಬಾರ್ದು ಅಂತ ಬಳಿಯುದಂತೆ ಅದು!

ನೆಕ್ ಕೂರುವ ಗುಳಿ ತೆಗೀಲಿಕ್ಕೆ ರೌಟರ್ (ಮರ ಕೊರೆಯುವ ಮೆಷಿನ್) ಇಟ್ಟ ದಿನ ಗೊತ್ತಾಯ್ತು. ಒಣ ಮರ ಆದ್ರೆ ಹುಡಿ ಹಾರಿ ಮೂಗಿಗೆಲ್ಲ ಹೋಗ್ತದೆ. ಇಲ್ಲಿ ಹಾರ್ಲೇ ಇಲ್ಲ. ಹಳದಿ ಹಳದಿ ಮುದ್ದೆ ರೌಟರಿನ ಬ್ಲೇಡಿಗೆ ಅಂಟಿಕೊಳ್ತಾ ಉಂಟು, ಕೈಯಲ್ಲಿ ಹಿಡಿದು ಅಮುಕಿದ್ರೆ ತೆಂಗಿನ ತುರಿ ಹಾಗೆ ಉಂಡೆ ಕಟ್ತದೆ, ತಣ್ಣಗೆ. ಪಕ್ಕದ ಮನೆ ಆಚಾರ್ರು ಬಂದು ಮೂಸಿ ನೋಡಿ "ಇದು ಕಡಿದು ಒಂದು ಮಳೆಗಾಲ ಕಳೀಲಿಲ್ಲ" ಅಂದ್ರು. ನಾನು ಸ್ಟೇಟಸ್ಸಲ್ಲಿ "ಮೂರು ವರ್ಷ ಸೀಸನ್ ಆದ ಹಲಸು" ಅಂತ ಹಾಕಿದ್ದು ಅವರ ಮಗನೂ ನೋಡಿದ್ದ.

ಬುದ್ಧಿ ಇದ್ದಿದ್ರೆ ಅಲ್ಲಿಗೆ ನಿಲ್ಲಿಸ್ಬೇಕಿತ್ತು. ಸಾಗುವಾನಿ ಆದ್ರೂ ಸರಿ ಇರಬಹುದು ಅಂತ ನೆಕ್ ಕೆತ್ತಿ, ಅದರೊಳಗೆ ಟ್ರಸ್ ರಾಡ್ (ಬಗ್ಗಿದ್ದನ್ನು ಸರಿ ಮಾಡುವ ಕಬ್ಬಿಣದ ಸರಳು) ಕೂರಿಸಿ, ಮೇಲೆ ಫ್ರೆಟ್ ಪಟ್ಟಿ ಎಲ್ಲ ಬಡಿದೆ. ಜೂನಲ್ಲಿ ಮಳೆ ಹಿಡೀತು ನೋಡಿ, ನೆಕ್ ತಿರುಚಿಕೊಂಡಿತು. ತಂತಿ ಇನ್ನೂ ಹಾಕಿಯೇ ಇಲ್ಲ, ಆರು ತಂತಿ ಸೇರಿದ್ರೆ 45 ಕಿಲೋ ಹತ್ರ ಎಳೀತದೆ, ಅದು ಬೇರೆ. ಬಿಲ್ಲಿನ ಹಾಗೆ ಬಗ್ಗಿದ್ರೆ ಟ್ರಸ್ ರಾಡಲ್ಲಿ ಸರಿ ಮಾಡ್ಬಹುದು, ತಿರುಚಿದ್ದಕ್ಕೆ ಅದು ಎಂತದೂ ಮಾಡುದಿಲ್ಲ.

ಡಿಪೋ ಓನರಿಗೆ ಫೋಟೋ ಕಳಿಸಿದೆ. ಉತ್ತರ ನೋಡಿ: "ಮರ ಅಂದ ಮೇಲೆ ಸ್ವಲ್ಪ ಆಡ್ತದೆ ಸರ್." ಮತ್ತೆ, "ನೀವು ಬಿಸಿಲಲ್ಲಿ ಇಟ್ಟಿರ್ಬೇಕು." ಜೂನಲ್ಲಿ! ಮಂಗಳೂರಲ್ಲಿ! ಬಿಸಿಲು! ಮತ್ತೆ, "ಬಾಗಿಲಿಗೆ ತಕೊಂಡವರು ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ." ಕೊನೆಗೆ, "ಗಿಟಾರಿಗೆ ಅಂತ ನೀವು ಹೇಳ್ಲೇ ಇಲ್ಲ." ಚೆಂಡೆ ಮದ್ದಳೆ ಕಥೆ ಮತ್ತೆ ಯಾಕೆ ಹೇಳಿದ್ದು ಸ್ವಾಮಿ? ಫೋನ್ ಮಾಡಿದ್ರೆ "ದಾಲ ಮಲ್ಲೆಜ್ಜಿ (ತುಳುವಲ್ಲಿ, ಪರವಾಗಿಲ್ಲ ಅಂತ), ಇನ್ನೊಮ್ಮೆ ಬನ್ನಿ, ರೇಟಲ್ಲಿ ನೋಡುವ" ಅಂದ್ರು. ಕೊಯ್ದ ಮರ ವಾಪಸ್ ಇಲ್ಲ. ಈಗ ಮೆಸೇಜಿಗೆ ನೀಲಿ ಟಿಕ್ ಮಾತ್ರ.

ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಸಾವಿರ ಚಿಲ್ಲರೆಗೆ ಸಿಗ್ತದೆ, ನಾನು ಎಲ್ಲ ಆದ ಮೇಲೆ ತಕೊಂಡೆ, 24 ಪರ್ಸೆಂಟ್ ತೋರಿಸ್ತು, 12ರ ಆಚೆ ಈಚೆ ಇದ್ರೆ ಮಾತ್ರ ಮುಟ್ಟಿ. ತುದಿಯ ಪೈಂಟ್ ಕೆರೆಸಿ ನೋಡಿ, ನೆಕ್ಕಿನ ಪೀಸಲ್ಲಿ ಗೆರೆಗಳು ನೆಟ್ಟಗೆ ನಿಂತಿರ್ಬೇಕು, ಕೆರೆಯಲಿಕ್ಕೆ ಬಿಡದಿದ್ರೆ ಎದ್ದು ಬನ್ನಿ. ಮತ್ತೆ ನಿಮ್ಮನ್ನು ಯಾರಾದ್ರೂ ಹೊಗಳಿದ್ರೆ ಆಗ್ಲೂ ಎದ್ದು ಬನ್ನಿ.

ಬಾಡಿ ಈಗ ಒಲೆ ಮೇಲಿನ ಅಟ್ಟದಲ್ಲಿ, ಅಮ್ಮನ ಪುನರ್ಪುಳಿ ಸಿಪ್ಪೆಯ ಪಕ್ಕ. ಗುಳಿ ತೆಗೆದ ದಿನ 4 ಕಿಲೋ 20 ಗ್ರಾಂ ಇತ್ತು, ನಿನ್ನೆ ತೂಗಿದ್ದು 3 ಕಿಲೋ 460. ಇನ್ನೂ ಇಳೀತಾ ಉಂಟು.