ಎರೆಮಣ್ಣಿನ ಹಿತ್ತಲಿಗೆ ಮರಳೋ, ಜಿಪ್ಸಮ್ಮೋ, ಕುರಿ ಹಿಕ್ಕೆಯೋ?

ಜಿಗುಟು ಎರೆಮಣ್ಣು ಸಡಿಲ ಮಾಡಲು ನನ್ನ ಓಟು ಕುರಿ ಹಿಕ್ಕೆಗೆ. ಮೊದಲೇ ಹೇಳಿಬಿಡುತ್ತೇನೆ.

ಸಿಂಧನೂರಿನ ನಮ್ಮ ಹಿತ್ತಲಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ಮೂರು ಪಾತಿಗಳಿವೆ. ಪಕ್ಕಾ ಎರೆ. ಮಳೆ ಬಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಬರಬೇಕು, ಬೇಸಿಗೆಯಲ್ಲಿ ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಮೊದಲ ಸಲ ಕಿತ್ತ ಮೂಲಂಗಿಗಳಿಗೆಲ್ಲ ಎರಡೆರಡು ಕಾಲು!

ಕಾಂಪೌಂಡ್ ಕಟ್ಟಿ ಉಳಿದ ಮರಳಿತ್ತು. ಬಿಟ್ಟಿ ಸಿಕ್ಕಿತಲ್ಲ ಅಂತ ಮೊದಲ ಪಾತಿಗೆ ಹತ್ತು ಪುಟ್ಟಿ ಸುರಿದು ಕಲಸಿದೆ. ಏಪ್ರಿಲ್ ಹೊತ್ತಿಗೆ ಗುದ್ದಲಿ ಹಾಕಿದರೆ ಠಣ್ ಅನ್ನತೊಡಗಿತು. ಎರೆಯ ಗುಣ ಬದಲಾಗಬೇಕಾದರೆ ಹೆಚ್ಚುಕಡಿಮೆ ಮಣ್ಣಿನಷ್ಟೇ ಮರಳು ಬೇಕಂತೆ. ಅಷ್ಟು ಮರಳಿದ್ದರೆ ಮೇಲೊಂದು ರೂಮು ಕಟ್ಟಿಸುತ್ತಿದ್ದೆ.

ಎರಡನೇ ಪಾತಿಗೆ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಇರುವ ಖನಿಜದ ಪುಡಿ. ಆರು ತಿಂಗಳಾದರೂ ಏನೂ ಫರಕಾಗಲಿಲ್ಲ. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದಾಗ ತಿಳಿಯಿತು: ಕಾಲುವೆ ನೀರು ನಿಂತು ಸವಳಾದ (ಸೋಡಿಯಂ ಸೇರಿ ಕೆಟ್ಟ) ಹೊಲಕ್ಕೆ ಜಿಪ್ಸಂ ಬೇಕು, ಏಕೆಂದರೆ ಅದರ ಕ್ಯಾಲ್ಸಿಯಂ ಮಣ್ಣಿನ ಸೋಡಿಯಂ ಬಿಡಿಸುತ್ತದೆ. ನನ್ನ ಮಣ್ಣಲ್ಲಿ ಸವಳೂ ಇಲ್ಲ, ಕ್ಯಾಲ್ಸಿಯಂ ಇರುವ ಸುಣ್ಣದ ಹರಳಿಗೆ ಬರವೂ ಇಲ್ಲ. ಪರೀಕ್ಷೆ ಮೊದಲು ಮಾಡಿಸಬೇಕಿತ್ತು.



ಮೂರನೇ ಪಾತಿಗೆ ನಾಲ್ಕು ಚೀಲ ಹಿಕ್ಕೆ. ಊರ ಹೊರಗೆ ಮಂದೆ ಇಳಿಸಿದ್ದ ಕುರಿಗಾರರ ಹತ್ತಿರ ಚೀಲಕ್ಕೆ 80 ರೂಪಾಯಿಯಂತೆ ತಂದೆ. ಎರಡನೇ ಬೆಳೆಗೆ ಮಣ್ಣು ಹಿಡಿದು ಬಿಟ್ಟರೆ ಸಜ್ಜಕದ ರವೆಯ ಹಾಗೆ ಉದುರುತ್ತಿತ್ತು. ನೀರು ಹಾಕಿದರೆ ನಿಲ್ಲದೆ ಇಂಗುತ್ತಿತ್ತು.

ಆದರೆ ಮೊದಲ ಬೆಳೆಯ ಕಥೆ ಕೇಳಿ. ಜೂನಿನಲ್ಲಿ ಮೆಂತ್ಯ ಬಿತ್ತಿದ್ದೆ. ವಾರದಲ್ಲಿ ಪಾತಿ ತುಂಬ ಹಸಿರು, ಹಿಗ್ಗಿದೆ. ಸೊಪ್ಪು ಕೀಳಲು ಹೋದ ಅವ್ವ ಬೆರಳು ಚೀಪುತ್ತ ಬಂದಳು. "ಏನ್ ಬಿತ್ತೀಯೋ ತಮ್ಮಾ, ಮೆಂತ್ಯಾಕ ಮುಳ್ಳು ಬಂದಾವು!" ಬಗ್ಗಿ ನೋಡಿದರೆ ಬಳ್ಳಾರಿ ಜಾಲಿ. ಬೇಸಿಗೆಯಲ್ಲಿ ಬೇರೆ ಮೇವಿಲ್ಲದ ಕುರಿಗಳು ಜಾಲಿಯ ಹಳದಿ ಕಾಯಿ ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಬರುತ್ತದೆ. ನಾನು ದುಡ್ಡು ಕೊಟ್ಟು ಜಾಲಿ ಬಿತ್ತಿದ್ದೆ.

ಕೀಳೋಣವೆಂದರೆ ಎರೆ ಬಿಡಬೇಕಲ್ಲ! ಗೇಣುದ್ದದ ಸಸಿಗೆ ಮೊಳದುದ್ದ ಬೇರು. ಮೇಲಿಂದ ತುಂಡಾಗುತ್ತದೆ, ಹತ್ತು ದಿನಕ್ಕೆ ಬುಡದಿಂದ ಮತ್ತೆ ಎರಡು ಚಿಗುರು. ಒಂದು ತಿಂಗಳ ಭಾನುವಾರಗಳೆಲ್ಲ ಹಾರೆ ಹಿಡಿದು ಕೂತೇ ಹೋದವು.

ಈಗ ಹಿಕ್ಕೆಯನ್ನು ನೇರ ಪಾತಿಗೆ ಹಾಕುವುದಿಲ್ಲ. ಮೂಲೆಯಲ್ಲಿ ಗುಡ್ಡೆ ಹಾಕಿ, ಸ್ವಲ್ಪ ಭತ್ತದ ಹೊಟ್ಟು ಬೆರೆಸಿ, ನೀರು ಚಿಮುಕಿಸಿ, ಮೂರು ತಿಂಗಳು ತಾಡಪಾಲು ಹೊದಿಸಿಡುತ್ತೇನೆ. ಹದಿನೈದು ದಿನಕ್ಕೊಮ್ಮೆ ತಿರುವಿದರೆ ಮೊಳೆತ ಜಾಲಿ ಅಲ್ಲೇ ಸಾಯುತ್ತದೆ. ಆದರೂ ಪಾತಿಯಲ್ಲಿ ಐದಾರು ತಲೆ ಎತ್ತುತ್ತವೆ, ಎರಡೆಲೆ ಇದ್ದಾಗಲೇ ಚಿವುಟುತ್ತೇನೆ.

ದಿನಾ ಹಿತ್ತಲಿಗೆ ಇಳಿಯುವವನಲ್ಲ ನಾನು, ವರ್ಷಕ್ಕೆ ಗೊಬ್ಬರಕ್ಕೆ 400 ರೂಪಾಯಿ ದಾಟಿಸುವವನೂ ಅಲ್ಲ. ಮೂರು ತಿಂಗಳು ಕಾಯಲು ಆಗದವರು ಎರೆಹುಳು ಗೊಬ್ಬರ ಕೊಳ್ಳಲಿ, ಜಾಲಿ ಕಾಟವಿಲ್ಲ, ಜೇಬಿಗೆ ಮಾತ್ರ ಭಾರ. ಯಾವುದನ್ನೇ ಹಾಕಿ, ಮಣ್ಣು ಹದಕ್ಕೆ ಬರುವ ತನಕ ಗುದ್ದಲಿ ಮುಟ್ಟಬೇಡಿ. ಹಸಿ ಎರೆ ಅಗೆದರೆ ಹೆಂಟೆ ಹೆಂಟೆಯಾಗಿ ಒಣಗುತ್ತದೆ.

ಜಿಪ್ಸಂ ಪಾತಿಗೂ ಈ ಸಲ ಹಿಕ್ಕೆ ಬಿದ್ದಿದೆ, ಪುಂಡಿಪಲ್ಯ ಚೆನ್ನಾಗಿ ಬಂದಿದೆ. ಮರಳಿನ ಪಾತಿಯ ಮೇಲೆ ಬೈಕ್ ನಿಲ್ಲಿಸುತ್ತೇವೆ, ಸ್ಟ್ಯಾಂಡ್ ಒಂದಿಷ್ಟೂ ಹೂತುಕೊಳ್ಳುವುದಿಲ್ಲ.